ಹೊರಟವರನ್ನು ಎಲ್ಲಿಗೆ ಎಂದು ಕೇಳುತ್ತಿದ್ದವರು

ಹೊರಟು ನಿಂತವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತೆ. ತಿಳಿಯಲೇಬೇಕು ಅಂದರೆ ‘ದೂರ ಹೊರಟ್ರಾ?’ ಅನ್ನಬೇಕು. ಇದು ನಮ್ಮವ್ವ ನನಗೆ ಅಆಇಈಗಿಂತ ಮೊದಲು ಕಲಿಸಿದ ಪಾಠ. ಟೆಕ್ಸಸ್ಸಿಗೆ ಬಂದ ನಮ್ಮ ಜನ ಊರಿನದು ಏನೇನೋ ಬಿಟ್ಟರು, ಇದನ್ನು ಮಾತ್ರ ಬಿಡಲಿಲ್ಲ.

ಹೂಸ್ಟನ್ನಿನ ಅಂಕಲ್ ಒಬ್ಬರು ಬಿಟ್ಟಿದ್ದರು. ಕನ್ನಡ ಕೂಟದ ಊಟ ಮುಗಿಸಿ, ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದವರ ಮುಂದೆ ಬಂದು ನಿಂತು ಕೇಳುತ್ತಿದ್ದರು.

“ಎಲ್ಲಿಗೆ?”

“ಮನೆಗೆ ಅಂಕಲ್, ಇನ್ನೆಲ್ಲಿಗೆ?”

“ಯಾವ ದಾರೀಲಿ? ಎಷ್ಟೊತ್ತಿಗೆ ಸೇರ್ತೀಯ?”

ಉತ್ತರ ಕೇಳಿಕೊಂಡು, ತಲೆ ಒಂದು ಸಲ ಆಡಿಸಿ, ದಾರಿ ಬಿಡುತ್ತಿದ್ದರು. ಒಮ್ಮೆ ಉಡುಪಿ ಕಡೆಯ ಆಂಟಿಯೊಬ್ಬರು ಅಪಶಕುನವಾಯಿತು ಅಂತ ಮತ್ತೆ ಒಳಗೆ ಬಂದು, ಸೋಫಾದ ಮೇಲೆ ಐದು ನಿಮಿಷ ಕೂತು, ನೀರು ಕುಡಿದು ಎದ್ದರು. ಬಾಗಿಲಲ್ಲಿ ಅಂಕಲ್ ಇನ್ನೂ ಅಲ್ಲೇ ನಿಂತಿದ್ದರು. “ಈಗ ಎಲ್ಲಿಗೆ?” ಅಂದರು. ಆ ಆಂಟಿ ಆಮೇಲೆ ಅವರಿದ್ದ ಮನೆಗೆ ಊಟಕ್ಕೇ ಬರಲಿಲ್ಲ.

ಅಂಕಲ್ ಹೋದ ತಿಂಗಳು ಡಾಲಸ್ ಪಕ್ಕದ ಫ್ಲವರ್ ಮೌಂಡಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಆ ಹೆಸರಿಗೆ ಬದುಕಿದ್ದಾಗಲೇ ಬೇಕಾದಷ್ಟು ಮಸಿ ಹತ್ತಿತು, ಅದು ಹತ್ತಿದ್ದು ನನ್ನಿಂದ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಹುಣಸೂರು ಕಡೆಯವರು. ಓದಿದ್ದು ಮೈಸೂರಿನಲ್ಲಿ ಡಿಪ್ಲೊಮಾ ಅಷ್ಟೇ. ಗಲ್ಫಿಗೆ ಹೋಗಿ, ಅಲ್ಲಿಂದ ಹೂಸ್ಟನ್ನಿಗೆ ಬಂದು, ಎಣ್ಣೆ ಶುದ್ಧ ಮಾಡುವ ಪ್ಲಾಂಟುಗಳಲ್ಲಿ ಸೇಫ್ಟಿ ಕೆಲಸ ಮಾಡಿ, ಕೊನೆಗೆ ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರಿನ ಗಾಜಿನ ಕಟ್ಟಡದಲ್ಲಿ ಒಂದು ಕೋಣೆ ಗಳಿಸಿದವರು. ಆ ಕೋಣೆಯಲ್ಲೂ ಮೇಜಿನ ಕೆಳಗೆ ಬೂಟು, ಬಾಗಿಲ ಹಿಂದೆ ಹೆಲ್ಮೆಟ್ಟು ಇಟ್ಟುಕೊಂಡಿದ್ದರು. ನನ್ನದು ಮದ್ದೂರು. ಅಪ್ಪ ಬೆಲ್ಲದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೇ ಮೊದಲು, ಹಾಸ್ಟೆಲ್ ಅನ್ನ ತಿಂದು ಇಂಜಿನಿಯರಿಂಗ್ ಮುಗಿಸಿದವನೂ ನಾನೇ. ಇದನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ನಾಚಿಕೆಯಿಲ್ಲ. ಅಂಕಲ್ ಅದಕ್ಕೇ ನನ್ನನ್ನು ‘ಇಂಜಿನಿಯರ್ ಸಾಹೇಬ್ರೇ’ ಅಂತ ಕರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ‘ಏನಯ್ಯ’.

ನಾನು ಆಸ್ಟಿನ್ನಿನ ಒಂದು ಕಂಪ್ಯೂಟರ್ ಚಿಪ್ ಕಂಪನಿಗೆ ಸೇರಿ, ಪಕ್ಕದ ಊರು ಸೀಡರ್ ಪಾರ್ಕಿನಲ್ಲಿ ಮನೆ ಮಾಡಿದ್ದ ಹೊಸತು. ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತರೆ ಎಲ್ಲರ ಬಾಯಲ್ಲೂ ಬೇಟೆಯ ಮಾತು. ವಸಂತ ಬಂದರೆ ಕಾಡು ಟರ್ಕಿ ಕೋಳಿ, ಚಳಿ ಬಂದರೆ ಜಿಂಕೆ. ನಾನು ಸುಮ್ಮನೆ ಚಪಾತಿ ಮುರಿಯುತ್ತಾ ಕೂರುತ್ತಿದ್ದೆ. ಒಂದು ಸಲ ನಾನೂ ಒಂದು ಟರ್ಕಿ ಹೊಡೆದು ತಂದು ಆ ಮೇಜಿನ ಮುಂದೆ ಫೋಟೊ ತೋರಿಸಬೇಕು ಅನ್ನಿಸಿತು. ಆಸೆ ಅಷ್ಟೇ, ದೊಡ್ಡ ಕಾರಣ ಏನಿಲ್ಲ.

ಹೂಸ್ಟನ್ನಿನ ಅಂಕಲ್ ಬೇಟೆ ಆಡ್ತಾರಂತೆ ಅಂತ ಕೂಟದಲ್ಲಿ ಗುಸುಗುಸು ಇತ್ತು. ಹೋಗಿ ಕೇಳಿದೆ.

“ಊರಲ್ಲಿ ಹೊಡೆದಿದ್ರಾ ಅಂಕಲ್?”

“ಊರಲ್ಲಿ ನಾನು ಇಲಿನೂ ಹೊಡೆದೋನಲ್ಲ ಕಣಯ್ಯ. ಇಲ್ಲೇ ಕಲಿತಿದ್ದು.” ನನ್ನ ಕಾಲಿನಿಂದ ತಲೆವರೆಗೆ ನೋಡಿದರು. “ಕೋರ್ಸ್ ಮಾಡು. ಲೈಸೆನ್ಸ್ ತಗೋ. ನಿನ್ನಂಥ ವೀಸಾದವರು ಬೇಟೆ ಲೈಸೆನ್ಸ್ ಇಲ್ಲದೆ ಬಂದೂಕು ಮುಟ್ಟೋ ಹಾಗಿಲ್ಲ, ಗೊತ್ತಾ? ಆಮೇಲೆ ಬಾ. ಮೊದಲನೇ ವರ್ಷ ಬಂದೂಕು ಇಲ್ಲ, ಕೂರೋದು ಮಾತ್ರ.”

ಮೊದಲನೇ ವಸಂತ ನಿಜವಾಗಿಯೂ ಕೂತಿದ್ದು ಮಾತ್ರ. ಶುಕ್ರವಾರ ಅವರು ಹೂಸ್ಟನ್ನಿನಿಂದ ತಮ್ಮ ಟ್ರಕ್ಕಿನಲ್ಲಿ ಬಂದು ನನ್ನನ್ನು ಸೀಡರ್ ಪಾರ್ಕಿನಲ್ಲಿ ಹತ್ತಿಸಿಕೊಳ್ಳುತ್ತಿದ್ದರು. ಅಲ್ಲಿಂದ ಎರಡು ಗಂಟೆ ಪಶ್ಚಿಮಕ್ಕೆ ಹೋದರೆ ಗುಡ್ಡಗಾಡು. ಅಲ್ಲೊಬ್ಬ ಮುದುಕನ ರ‍್ಯಾಂಚು, ಅವನ ಜಮೀನಿನಲ್ಲಿ ಬೇಟೆಗೆ ಬಾಡಿಗೆ ಜಾಗ. ತಗಡಿನ ಶೆಡ್ಡಿನಲ್ಲಿ ಮಲಗಿ, ಬೆಳಗಾಗುವ ಮೊದಲೇ ಎದ್ದು ನಡೆದು, ಓಕ್ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂರುವುದು. ಮರ ನಮ್ಮ ಹೆಗಲಿಗಿಂತ ಅಗಲ ಇರಬೇಕು. “ಯಾಕೆ ಹೇಳು?” ಅಂತ ಪರೀಕ್ಷೆ ಮಾಡುತ್ತಿದ್ದರು. ಬೆನ್ನ ಹಿಂದೆ ಯಾರಾದರೂ ಬಂದು ನಮ್ಮನ್ನೇ ಟರ್ಕಿ ಅಂದುಕೊಂಡು ಹೊಡೆದರೆ ತೋಟಾದ ಚರೆ ಮರಕ್ಕೆ ಬೀಳಲಿ ಅಂತ.

ಅವರ ಪಾಠವೆಲ್ಲ ಹೀಗೇ. ಹಕ್ಕಿ ಹೊಡೆಯುವುದು ಹೇಗೆ ಅನ್ನುವುದು ನಾಲ್ಕು ಮಾತು, ಮನುಷ್ಯನನ್ನು ಹೊಡೆಯದೆ ಇರುವುದು ಹೇಗೆ ಅನ್ನುವುದು ನಾನೂರು ಮಾತು. ಗಂಡು ಟರ್ಕಿಯ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಮೂರೂ ಇರುತ್ತೆ. ಹಾಗಾಗಿ ಆ ಮೂರು ಬಣ್ಣ ಮೈಮೇಲೆ ಎಲ್ಲೂ ಇರಬಾರದು, ಕಾಲುಚೀಲದಲ್ಲೂ. ಒಂದು ಸಲ ನನ್ನ ಹೆಂಡತಿ ಒಳ್ಳೆಯದಾಗಲಿ ಅಂತ ನನಗೆ ಕುಂಕುಮ ಇಟ್ಟು, ಮಣಿಕಟ್ಟಿಗೆ ಗುಡಿಯ ಕೆಂಪು ದಾರ ಕಟ್ಟಿ ಕಳಿಸಿದ್ದಳು. ಅಂಕಲ್ ಟ್ರಕ್ಕಿನ ದೀಪ ಹಾಕಿ ನೋಡಿ, ಎಂಜಲು ಬೆರಳಲ್ಲೇ ನನ್ನ ಹಣೆ ಒರೆಸಿದರು. ದಾರವನ್ನು ಚಾಕುವಿನಿಂದ ಕತ್ತರಿಸಿ, ಎಸೆಯದೆ, ನನ್ನ ಜೇಬಿಗೇ ತುರುಕಿದರು. “ದೇವರು ಜೇಬಲ್ಲೇ ಇರ್ಲಿ” ಅಂದರು.

ಅವರ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು, ಪೆನ್ಸಿಲ್ ಡಬ್ಬಿಯಷ್ಟು. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿ ಕೂಗಿದ ಹಾಗೇ ಸದ್ದು. ಅದನ್ನು ಕೇಳಿ ಗಂಡು ದೂರದಿಂದ ಗೊಳಗೊಳ ಅಂತ ಉತ್ತರ ಕೊಡುತ್ತೆ. ಕಾಡಿನಲ್ಲಿ ಪದ್ಧತಿ ಅಂದರೆ ಹೆಣ್ಣೇ ಗಂಡಿನ ಹತ್ತಿರ ಹೋಗುವುದು. ನಾವು ಉಲ್ಟಾ ಕೇಳುತ್ತಿದ್ದೇವೆ, ಗಂಡೇ ಬಾ ಅಂತ. ಅದು ಸುಲಭಕ್ಕೆ ಬರುವುದಿಲ್ಲ. “ಕರೆದವನು ಕಾಯಬೇಕು” ಅನ್ನುತ್ತಿದ್ದರು. “ಎರಡು ಸಲ ಕರಿ, ಆಮೇಲೆ ಬಾಯಿಗೆ ಬೀಗ. ಹಕ್ಕಿ ನಿನ್ನ ಹತ್ತಿರ ಬಂದ್ರೆ ಬೇಟೆ. ನೀನು ಸದ್ದಿನ ಹಿಂದೆ ಹೋದ್ರೆ ಅದು ಬೇಟೆ ಅಲ್ಲ ಕಣಯ್ಯ, ಆಕ್ಸಿಡೆಂಟು.”

ಟ್ರಕ್ಕಿನಿಂದ ಇಳಿದು ಬೇರೆ ಬೇರೆ ಮರದ ಕಡೆ ಹೋಗುವ ಮುಂಚೆ ಒಂದು ವಿಧಿ ಇತ್ತು. ಎದುರುಬದುರು ನಿಲ್ಲಬೇಕು. ಅವರು ನನ್ನನ್ನು ಕೇಳುವರು, “ಎಲ್ಲಿಗೆ?” ನಾನು ಯಾವ ಮರ, ಯಾವ ಕಡೆ ಮುಖ, ಎಷ್ಟೊತ್ತಿನವರೆಗೆ ಅಂತ ಹೇಳಬೇಕು. ಆಮೇಲೆ ನಾನು ಅವರನ್ನು ಕೇಳಬೇಕು, “ಎಲ್ಲಿಗೆ?” ಅವರೂ ಹಾಗೇ ಹೇಳುವರು. ನನಗೆ ಹಿರಿಯರನ್ನು ಹಾಗೆ ಮುಖಕ್ಕೆ ಮುಖ ಕೊಟ್ಟು ಕೇಳಲು ನಾಲಿಗೆ ಹೊರಳುತ್ತಿರಲಿಲ್ಲ.

“ಗೊತ್ತಲ್ಲ ಅಂಕಲ್, ನೀವು ಹಳ್ಳದ ಹತ್ತಿರ ತಾನೆ?”

“ಗೊತ್ತು ಅನ್ನಬೇಡ. ಕೇಳು. ಒಬ್ಬನೇ ಕೇಳಿದ್ರೆ ಅರ್ಧ ಕೆಲಸ.”

ಯಾಕೆ ಹೀಗೆ ಅಂತ ಒಂದು ಸಲ ಡ್ರೈವ್ ಮಾಡುತ್ತಾ ಹೇಳಿದರು, ರಸ್ತೆಯಿಂದ ಕಣ್ಣು ತೆಗೆಯದೆ. ಅವರಿಗೆ ಬೇಟೆ ಕಲಿಸಿದವನು ಪ್ಲಾಂಟಿನ ಒಬ್ಬ ಮೆಕ್ಸಿಕನ್ ವೆಲ್ಡರ್. ಆ ಮರದ ಪೆಟ್ಟಿಗೆ ಅವನದೇ. ಒಂದು ಮಧ್ಯಾಹ್ನ ಅವನು ಹೆಲ್ಮೆಟ್ ಹಾಕಿಕೊಂಡು ಪ್ಲಾಂಟಿನ ಶೆಡ್ಡಿನ ಬಾಗಿಲಿನಿಂದ ಆಚೆ ಹೋದ. ಬಾಗಿಲ ಪಕ್ಕ ರಿಜಿಸ್ಟರ್ ಹಿಡಿದು ಕೂತಿದ್ದವರು ಇವರು. “ಎಲ್ಲಿಗೆ ಅಂತ ಬಾಯಿಗೆ ಬಂದಿತ್ತು. ಹೊರಟೋನನ್ನ ಕೇಳಬಾರದು ಅಂತ ನುಂಗ್ಕೊಂಡೆ. ನಮ್ಮಮ್ಮ ಹೇಳಿಕೊಟ್ಟಿದ್ದಳಲ್ಲ.” ಅರ್ಧ ಗಂಟೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ತಲೆ ಎಣಿಸಿದರೆ ಒಬ್ಬ ಕಮ್ಮಿ. ಅವನು ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ಪೂರ್ವದ ಕಡೆ ಹುಡುಕಿದರು, ಅವನು ಪಶ್ಚಿಮದ ಕಡೆ ಇದ್ದ. ಇಷ್ಟು ಹೇಳಿ ಅಂಕಲ್ ರೇಡಿಯೊ ಹಾಕಿದರು.

ಇದು ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ಎರಡನೇ ವಸಂತ ನನಗೆ ಬಂದೂಕು ಸಿಕ್ಕಿತು, ಹಕ್ಕಿ ಸಿಗಲಿಲ್ಲ. ಮೂರನೇ ವಸಂತವೂ ಹಾಗೇ ಮುಗಿಯುತ್ತಾ ಬಂತು. ಆಫೀಸಿನಲ್ಲಿ ನಗು ಶುರುವಾಗಿತ್ತು. ನಾನು ಸೋತು ಅಭ್ಯಾಸ ಇರುವ ಮನೆಯಿಂದ ಬಂದವನು, ಅದಕ್ಕೇ ಸೋಲು ತಡೆಯುವುದಿಲ್ಲ. ಆ ವಾರ ಊರಿಗೆ ಫೋನ್ ಮಾಡಿದಾಗ ಅವ್ವನ ಹತ್ತಿರ ತಮಾಷೆಗೆ ಹೇಳಿದೆ: “ಹೊರಡೋವಾಗ ಎಲ್ಲಿಗೆ ಅಂತ ಕೇಳ್ತಾರೆ ಕಣವ್ವ ಆ ಅಂಕಲ್, ನಾನೂ ಕೇಳಬೇಕಂತೆ.”

ಅವ್ವ ನಗಲಿಲ್ಲ. “ಅದ್ಕೇ ಮತ್ತೆ! ಎಲ್ಲಿಗೆ ಅಂತ ಕೇಳಿಸ್ಕೊಂಡು ಹೋದ್ರೆ ಮೊಲಾನೂ ಸಿಕ್ಕಾಕಿಲ್ಲ. ನೀನಾದ್ರೂ ಬಾಯಿ ಮುಚ್ಕೊಂಡಿರು ಮಗ.”

ನಾನು ಕಂಪ್ಯೂಟರ್ ಚಿಪ್‌ನೊಳಗಿನ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಕಾರಣ, ಪುರಾವೆ ಇಲ್ಲದೆ ಏನನ್ನೂ ನಂಬುವುದಿಲ್ಲ ಅಂತ ಎದೆ ತಟ್ಟಿಕೊಳ್ಳುವವನು. ಅವ್ವನ ಮಾತು ತಲೆಯಲ್ಲಿ ಕೂತಿತು.

ಸೀಸನ್ನಿನ ಕೊನೆಯ ಶನಿವಾರ. ಟ್ರಕ್ಕಿನ ಪಕ್ಕ ಎದುರುಬದುರು ನಿಂತೆವು. ಅವರು ಕೇಳಿದರು, ನಾನು ನನ್ನ ಮರ ಹೇಳಿದೆ. ನನ್ನ ಸರದಿ ಬಂದಾಗ ಬಗ್ಗಿ, ಕಟ್ಟಿದ್ದ ಬೂಟಿನ ದಾರವನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದೆ.

“ಕೇಳಯ್ಯ.”

“ಗೊತ್ತು ಅಂಕಲ್. ಹಳ್ಳದ ಹತ್ತಿರ ಅಂತ ನಿನ್ನೆನೇ ಹೇಳಿದ್ರಲ್ಲ.”

ಅವರು ನಿನ್ನೆ ಏನೂ ಹೇಳಿರಲಿಲ್ಲ. ಅವರಿಗೆ ಆಗಲೇ ಅರವತ್ತೈದು ದಾಟಿತ್ತು, ಓಕ್ ಹೂವಿನ ಪುಡಿಗೆ ವಾರದಿಂದ ಕೆಮ್ಮು, ಮಂಡಿನೋವು ಬೇರೆ. ಹೇಳಿದ್ದೆನೇನೋ ಅಂತ ಅವರೇ ಅನುಮಾನಪಟ್ಟರು ಅಂತ ಕಾಣುತ್ತೆ. ಒಂದು ಕ್ಷಣ ನನ್ನ ತಲೆಯ ಮೇಲೆ ನಿಂತಿದ್ದು, ಬಂದೂಕು ಹೆಗಲಿಗೆ ಹಾಕಿಕೊಂಡು ನಡೆದರು. ನಾನು ಬೂಟು ಕಟ್ಟಿ ತಲೆ ಎತ್ತುವಷ್ಟರಲ್ಲಿ ಯಾವ ಕಡೆ ಹೋದರು ಅನ್ನುವುದು ಕತ್ತಲಲ್ಲಿ ಕಾಣಲಿಲ್ಲ. ಮಂಡಿನೋವಿಗೆ ಹಳ್ಳ ಇಳಿಯಲಾರದೆ ಅವರು ದಿಣ್ಣೆಯ ಮೇಲಿನ ಸೀಡರ್ ಗಿಡಗಳ ಕಡೆ ಹೋಗಿದ್ದರು.

ಬೆಳಕು ಬಂತು. ಬಲಗಡೆ ದಿಣ್ಣೆಯ ಕಡೆ ಒಂದು ಗಂಡು ಗೊಳಗೊಳ ಅಂತು. ಅದರ ಹಿಂದೆಯೇ ಅದೇ ಕಡೆಯಿಂದ ಹೆಣ್ಣಿನ ಕೂಗು, ಎರಡು ಸಲ. ಆಮೇಲೆ ಮೌನ. ಅಂಕಲ್ ಹಳ್ಳದಲ್ಲಿದ್ದಾರೆ, ಅಂದಮೇಲೆ ಇದು ನಿಜವಾದ ಹೆಣ್ಣೇ ಅಂತ ಲೆಕ್ಕ ಹಾಕಿದೆ. ಎರಡು ಸಲ ಕರೆದು ಬಾಯಿಗೆ ಬೀಗ ಹಾಕುವವರು ಯಾರು ಅಂತ ನನ್ನ ತಲೆಗೆ ಹೊಳೆಯಲಿಲ್ಲ. ಅರ್ಧ ಗಂಟೆ ಕಾದೆ. ಗಂಡು ಬರಲಿಲ್ಲ. ನಾನು ಮರ ಬಿಟ್ಟು ಎದ್ದೆ.

ಬಗ್ಗಿಕೊಂಡು, ಕಲ್ಲಿನಿಂದ ಕಲ್ಲಿಗೆ, ದಿಣ್ಣೆ ಹತ್ತಿದೆ. ಸೀಡರ್ ಪೊದೆಯ ಹಿಂದೆ ಏನೋ ಅಲುಗಿತು. ಏನು ನೋಡಿದೆ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕೆಂಪು ಕಂಡಿತು ಅನ್ನಿಸಿತು. ಅಲ್ಲಿ ಕೆಂಪು ಇರಲಿಲ್ಲ. ಮೂರು ವರ್ಷ ಕಾದ ಕಣ್ಣಿಗೆ ಕೆಂಪು ಬೇಕಾಗಿತ್ತು, ಅದು ಕಂಡಿತು. ಗಂಡಿನ ಎದೆಯಿಂದ ಜೋತುಬೀಳುವ ಕುಂಚದಂಥ ಗಡ್ಡ ನೋಡದೆ ಬಂದೂಕಿನ ಕುದುರೆ ಎಳೆಯಬಾರದು ಅಂತ ಮೂರು ವರ್ಷ ಹೇಳಿಸಿಕೊಂಡಿದ್ದೆ. ಎಳೆದೆ.

ಹಕ್ಕಿ ಹಾರುವ ಸದ್ದು ಬರಲಿಲ್ಲ. “ಅಯ್ಯೋ” ಅಂತ ಕನ್ನಡದಲ್ಲಿ ಬಂತು.

ಅವರು ಮರಕ್ಕೆ ಒರಗಿಯೇ ಕೂತಿದ್ದರು. ಮುಖದ ಎಡಗಡೆ, ಕುತ್ತಿಗೆಯಲ್ಲಿ, ಎಡಗೈಯಲ್ಲಿ ಚರೆ. ಮರದ ಪೆಟ್ಟಿಗೆ ತೊಡೆಯ ಮೇಲೆ. ನಾನು ಏನೇನು ಕಿರುಚಿದೆನೋ ನೆನಪಿಲ್ಲ. ಅವರು ಹೇಳಿದ್ದು ನೆನಪಿದೆ.

“ಬಂದೂಕಿನ ತೋಟಾ ತೆಗಿ ಮೊದಲು. ತೆಗೆದ್ಯಾ? ಈಗ ದಿಣ್ಣೆ ತುದಿಗೆ ಹೋಗು, ಸಿಗ್ನಲ್ ಬರುತ್ತೆ, ಫೋನ್ ಮಾಡು. ಟ್ರಕ್ಕಿನಲ್ಲಿ ಟವೆಲ್ ಇದೆ, ತಗೊಂಡ್ ಬಾ.”

ಫೋನ್ ಮಾಡಿ, ಓಡಿಹೋಗಿ ತಂದೆ. ಬಿಳಿ ಟವೆಲ್. ಕಣ್ಣಿಗೆ ಒತ್ತಿ ಹಿಡಿದೆ. ಆಂಬುಲೆನ್ಸ್ ಬರಲಿಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ಮಾತಾಡುತ್ತಿದ್ದರು, ಪ್ಲಾಂಟಿನಲ್ಲಿ ರಿಪೋರ್ಟ್ ಬರೆಸುವ ದನಿಯಲ್ಲಿ.

“ನಿನ್ನ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು?”

“ಅಂಕಲ್, ಈಗ ಅದೆಲ್ಲ ಯಾಕೆ...”

“ಕೇಳಿದ್ದಕ್ಕೆ ಹೇಳು.”

“ಇನ್ನೂ ಇಲ್ಲ.”

“ನೋಡು. ನೀನು ನಿನ್ನ ಮರ ಬಿಟ್ಟು ಏಳಲಿಲ್ಲ. ನಾನೇ ಜಾಗ ಬಿಟ್ಟು ನಿನ್ನ ಕಡೆ ನಡ್ಕೊಂಡು ಬಂದೆ. ಬೆವರು ಒರೆಸೋಕೆ ಈ ಟವೆಲ್ ತೆಗೆದೆ. ನಿನಗೆ ಬಿಳಿ ತಲೆ ಕಂಡಿತು. ಅರ್ಥ ಆಯ್ತಾ?”

“ಇಲ್ಲ ಅಂಕಲ್, ಬೇಡ. ನಾನೇ ಹೇಳ್ತೀನಿ.”

“ಏನಯ್ಯ ಹೇಳ್ತೀಯ? ಕೇಸಾದ್ರೆ ನಿನ್ನನ್ನ ಊರಿಗೆ ವಾಪಸ್ ಅಟ್ತಾರೆ. ನಿಮ್ಮಪ್ಪ ಮೂಟೆ ಹೊತ್ತಿದ್ದು ಇದಕ್ಕಾ? ಬಾಯಿ ಮುಚ್ಚು.”

ಬೇಟೆ ಕಾನೂನು ನೋಡುವ ವಾರ್ಡನ್ ಬಂದ. ಅಂಕಲ್ ಸ್ಟ್ರೆಚರಿನ ಮೇಲಿನಿಂದಲೇ ಹೇಳಿದರು, ಒಂದು ಮಾತೂ ತಪ್ಪದೆ. ವಾರ್ಡನ್ ನನ್ನ ಕಡೆ ತಿರುಗಿ, ಹೌದಾ ಅಂದ. ನಾನು ತಲೆ ಆಡಿಸಿದೆ. ಅವನು ಸಮಾಧಾನಕ್ಕೆ ನನ್ನ ಹೆಗಲು ತಟ್ಟಿದ. ಹಾಗೆ ತಟ್ಟಿಸಿಕೊಂಡ ಹೆಗಲು ಇದು.

ಎಡಗಣ್ಣು ಹೋಯಿತು.

ಎಷ್ಟೋ ಕಾಲದ ಮೇಲೆ, ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ, ವಕೀಲರೊಬ್ಬರನ್ನು ಬೇರೆ ಯಾರದೋ ಕಥೆ ಅನ್ನುವ ಹಾಗೆ ಕೇಳಿದೆ. “ನಿಜ ಹೇಳಿದ್ದರೂ ಬಹುಶಃ ಏನೂ ಆಗ್ತಿರಲಿಲ್ಲ” ಅಂದರು. ಬಹುಶಃ ಅಂತೆ. ಒಂದು ಕಣ್ಣು, ಒಂದು ಹೆಸರು, ಒಂದು ಬಹುಶಃಗೆ ಹೋಯಿತು.

ಹೆಸರು ಹೋದದ್ದು ಹೀಗೆ. ಕೂಟದವರಿಗೆ ಒಂದು ನಗೆಮಾತು ಸಿಕ್ಕಿತು. “ಸೇಫ್ಟಿ ಅಂಕಲ್ ಬಿಳಿ ಟವೆಲ್ ಬೀಸಿಕೊಂಡು ಬಂದೂಕಿನ ಮುಂದೆ ಹೋದರಂತೆ!” ಉಡುಪಿ ಆಂಟಿ ತಮ್ಮ ಶಕುನ ನಿಜವಾಯಿತು ಅಂದರು. ಒಂದು ದಸರಾ ಊಟದಲ್ಲಿ ಯಾರೋ, “ಎಲ್ಲರನ್ನೂ ಎಲ್ಲಿಗೆ ಅಂತ ಕೇಳ್ತಿದ್ರಲ್ಲ, ಅವತ್ತು ತಮ್ಮನ್ನೇ ಕೇಳ್ಕೊಳ್ಳೋದು ಮರೆತರು!” ಅಂದರು. ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಇತ್ತು, ಅದನ್ನು ಪೂರ್ತಿ ಊಟ ಮಾಡಿದೆ.

ನಗೆಯಾದರೂ ಪರವಾಗಿಲ್ಲ. ಅವರ ಮಗಳು ನಗಲಿಲ್ಲ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದ ಅಂಕಲ್‌ಗೆ ಇದ್ದವಳು ಅವಳೊಬ್ಬಳೇ. ಇಲ್ಲೇ ಹುಟ್ಟಿದವಳು, ಡಾಲಸ್ಸಿನಲ್ಲಿ ಬ್ಯಾಂಕಿನ ಕೆಲಸ. ಅಪ್ಪನಿಗೆ ವಯಸ್ಸಾಯಿತು, ಬುದ್ಧಿ ಮಂಕಾಯಿತು, ಇಲ್ಲದಿದ್ದರೆ ಇಂಥ ಮನುಷ್ಯ ಹೀಗೆ ಮಾಡುತ್ತಿದ್ದರೇ ಅಂತ ಅವಳ ಲೆಕ್ಕ. ಆ ಲೆಕ್ಕ ತಪ್ಪಲ್ಲ, ಅವಳ ಕೈಗೆ ಕೊಟ್ಟ ಅಂಕಿಯೇ ತಪ್ಪು. ಹೂಸ್ಟನ್ನಿನ ಮನೆ ಮಾರಿಸಿ ಅವರನ್ನು ಫ್ಲವರ್ ಮೌಂಡಿಗೆ ಕರೆದುಕೊಂಡು ಬಂದಳು. ಟ್ರಕ್ಕಿನ ಕೀ ತೆಗೆದುಕೊಂಡಳು. ಬಂದೂಕು ಹೊರಟುಹೋಯಿತು. ನಲವತ್ತು ವರ್ಷ ತಮ್ಮ ದಾರಿ ತಾವೇ ನೋಡಿಕೊಂಡ ಮನುಷ್ಯ, ನಡೆದು ಹೋದರೆ ಒಂದು ಅಂಗಡಿಯೂ ಸಿಗದ ಬೀದಿಯಲ್ಲಿ, ಮಹಡಿಯ ಕೋಣೆಯಲ್ಲಿ, ಹಿತ್ತಿಲಿನ ಮರದ ಬೇಲಿ ನೋಡುತ್ತಾ ಆರು ವರ್ಷ ಕೂತರು.

ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಸೀಡರ್ ಪಾರ್ಕಿನಿಂದ ಮೂರೂವರೆ ಗಂಟೆ. ಪ್ರತಿ ಸಲವೂ ಹೇಳಿಬಿಡುತ್ತೇನೆ ಅಂತಲೇ ಹೊರಡುತ್ತಿದ್ದೆ. ಹೇಳಿದರೆ ಅವಳು ಕೀ ವಾಪಸ್ ಕೊಡುತ್ತಿದ್ದಳೋ ಏನೋ. ಅವರಿಗೊಂದು ಬೆಳಗ್ಗೆ ತಾವೇ ಡ್ರೈವ್ ಮಾಡಿಕೊಂಡು ಹೋಗಿ ಕಾಫಿ ಕುಡಿಯಲು ಆಗುತ್ತಿತ್ತು. ಅದು ನನಗೆ ಗೊತ್ತಿತ್ತು.

“ಅಂಕಲ್, ಗ್ರೀನ್ ಕಾರ್ಡ್ ಬಂತು. ಈಗ ಹೇಳಿಬಿಡ್ತೀನಿ” ಅಂದೆ ಒಂದು ಸಲ.

ಅವರು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದರು. “ಸಿಟಿಜನ್ ಆಗು, ಆಮೇಲೆ ನೋಡೋಣ” ಅಂದರು.

ಆ ಮಾತಿನ ಹಿಂದೆ ನಾನು ಅಡಗಿಕೊಂಡೆ. ಅವರು ನನ್ನನ್ನು ಕಾಪಾಡುತ್ತಿದ್ದಾರೆ ಅಂತ ಹೇಳಿಕೊಂಡೆ. ನಿಜ ಏನೆಂದರೆ, ಅವರು ‘ಹೂಂ, ಹೇಳು’ ಅಂದಿದ್ದರೂ ನಾನು ಹೇಳುತ್ತಿರಲಿಲ್ಲ ಅಂತ ಅವರಿಗೆ ಗೊತ್ತಿತ್ತು. ಆ ಅವಮಾನ ನನಗೆ ಆಗದಿರಲಿ ಅಂತಲೇ ಹಾಗೆ ಅಂದರು.

ಹೊರಡುವಾಗ ಬಾಗಿಲವರೆಗೂ ಬರುತ್ತಿದ್ದರು, ಗೋಡೆ ಹಿಡಿದುಕೊಂಡು. “ಎಲ್ಲಿಗೆ?” “ಸೀಡರ್ ಪಾರ್ಕಿಗೆ ಅಂಕಲ್. ಐ-35ರಲ್ಲಿ. ಏಳು ಗಂಟೆಗೆ ಮನೆ.” ಕೊನೆಯ ವರ್ಷ ಮೆಟ್ಟಿಲು ಇಳಿಯಲು ಆಗದಾದಾಗ ಮಗಳೇ ಅಪ್ಪನ ಪರವಾಗಿ ಕೇಳುತ್ತಿದ್ದಳು. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ಮಾತಾಡುವವಳು ಇದೊಂದನ್ನು ಕನ್ನಡದಲ್ಲೇ, ಅವರದೇ ದನಿಯಲ್ಲಿ ಕೇಳುತ್ತಿದ್ದಳು. ಮೇಲಿನಿಂದ ಕೇಳಿಸಿಕೊಂಡು ಅವರು ಕೆಮ್ಮುತ್ತಿದ್ದರು, ಸರಿ ಅನ್ನುವ ಹಾಗೆ.

ಹನ್ನೊಂದನೇ ದಿನದ ತಿಥಿಗೆ ಹೋದೆ. ಹೂಸ್ಟನ್ನಿನಿಂದಲೂ ಜನ ಬಂದಿದ್ದರು. ನಡುಮನೆಯಲ್ಲಿ ಫೋಟೊ. ಎರಡೂ ಕಣ್ಣಿದ್ದ ಕಾಲದ ಫೋಟೊ, ಹೆಲ್ಮೆಟ್ ಹಾಕಿಕೊಂಡದ್ದು. ಅದರ ಮುಂದೆ ಎಡೆ, ಪಕ್ಕದಲ್ಲಿ ಆ ಮರದ ಪೆಟ್ಟಿಗೆ. ಊಟ ಆಗುತ್ತಿದ್ದಾಗ ಹೂಸ್ಟನ್ನಿನವರೊಬ್ಬರು ಹೊಸಬರಿಗೆ ಟವೆಲಿನ ಕಥೆ ಶುರು ಮಾಡಿದರು. ಪ್ರೀತಿಯಿಂದಲೇ ಹೇಳುತ್ತಿದ್ದರು. “ಒಳ್ಳೇ ಮನುಷ್ಯರು, ಪಾಪ, ಆದ್ರೆ ಅವತ್ತು ಏನು ಮರೆವೋ...” ಮಗಳು ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಕೇಳಿ ಕೇಳಿ ಸವೆದ ಮುಖ ಅದು.

“ಟವೆಲ್ ಅಲ್ಲಿರಲಿಲ್ಲ” ಅಂದೆ.

ಯಾರೋ “ಏನು?” ಅಂದರು.

“ಟವೆಲ್ ಟ್ರಕ್ಕಿನಲ್ಲಿತ್ತು. ಹೊಡೆದ ಮೇಲೆ ನಾನು ಓಡಿಹೋಗಿ ತಂದಿದ್ದು. ಅವರು ಮರ ಬಿಟ್ಟು ಎದ್ದಿರಲಿಲ್ಲ. ಎದ್ದಿದ್ದು ನಾನು. ಅವರು ಎಲ್ಲಿದ್ದಾರೆ ಅಂತ ನಾನು ಕೇಳಿರಲಿಲ್ಲ. ಕೇಳು ಅಂದರು. ಕೇಳಲಿಲ್ಲ. ಗೊತ್ತು ಅಂತ ಸುಳ್ಳು ಹೇಳಿದೆ.”

ಬೇರೆಯವರ ಮುಖ ನಾನು ನೋಡಲಿಲ್ಲ. ಅವಳು ಪಾತ್ರೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

“ಇಟ್ ವಾಸ್ ಯುವರ್ ಫಾಲ್ಟ್?”

“ಹೌದು.”

“ಅಪ್ಪನಿಗೆ ಗೊತ್ತಿತ್ತಾ?”

“ಹಾಗೆ ಹೇಳು ಅಂದಿದ್ದೇ ಅವರು. ನನ್ನ ವೀಸಾ...”

“ನಾನು ಅವರ ಕೀ ಕಿತ್ಕೊಂಡೆ” ಅಂದಳು. ಆಮೇಲೆ ಇಂಗ್ಲಿಷು, ಕನ್ನಡ ಎರಡೂ ಸೇರಿ ಬಂದವು. “ಐ ಯೆಲ್ಡ್ ಅಟ್ ಹಿಮ್. ಮೆಮರಿ ಟೆಸ್ಟ್ ಮಾಡಿಸ್ದೆ, ಮೂರು ಸಲ. ಡಾಕ್ಟರ್ ನಾರ್ಮಲ್ ಅಂದ್ರೂ ನಂಬಲಿಲ್ಲ. ‘ಸರಿ ಮಗಳೇ, ನಂದೇ ತಪ್ಪು’ ಅಂತಿದ್ರು. ಪ್ರತೀ ಸಲ. ನೀವು ಇಲ್ಲೇ ಬರ್ತಿದ್ರಿ. ಈ ಮನೇಲಿ ಕೂತು ಕಾಫಿ ಕುಡೀತಿದ್ರಿ.”

ಕ್ಷಮಿಸು ಅನ್ನಲು ಬಾಯಿ ತೆಗೆದೆ. ಅವಳು ಕೈ ಅಡ್ಡ ಹಿಡಿದಳು. ಕೋಪದಿಂದಲ್ಲ. ಬಿಸಿ ಒಲೆಯ ಹತ್ತಿರ ಬರುವವರನ್ನು ತಡೆಯುವ ಹಾಗೆ. ಪಾತ್ರೆ ಎತ್ತಿಕೊಂಡು, ಪಾಯಸ ಬಡಿಸಬೇಕಾದ ಮುಂದಿನ ಎಲೆಗೆ ಹೋದಳು.

ಎದ್ದು ಕೈ ತೊಳೆದೆ. ಫೋಟೊದ ಮುಂದೆ ಒಂದು ನಿಮಿಷ ನಿಂತೆ. ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಂಡೆ. ದಾರ ಕಟ್ಟಿದೆ. ಬಿಚ್ಚಿ ಮತ್ತೆ ಕಟ್ಟಿದೆ. ಅವಳು ಬಂದಳು. ಬಾಗಿಲು ತೆರೆದು ಹಿಡಿದಳು. ನಾನು ಆಚೆ ಹೋದೆ. ಏನೂ ಕೇಳದೆ ಬಾಗಿಲು ಹಾಕಿದಳು.

ಕಾರಿನ ಹತ್ತಿರ ಹೋದವನು ವಾಪಸ್ ಬಂದು ಆ ಬಾಗಿಲ ಮುಂದೆ ನಿಂತೆ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು.

“ಸೀಡರ್ ಪಾರ್ಕಿಗೆ” ಅಂದೆ. “ಐ-35ರಲ್ಲಿ. ಏಳು ಗಂಟೆಗೆ ಮನೆ.”

ಮುಚ್ಚಿದ ಬಾಗಿಲಿಗೆ ಹೇಳಿ, ಸ್ವಲ್ಪ ಹೊತ್ತು ಕಾದು, ಹೊರಟೆ.